ಕೋಟೆ ಬೆಟ್ಟ ಸತ್ತ ಜ್ವಾಲಾಮುಖಿಯ ಬಾಯಿನಾ? ಮಾವನಿಗೂ ನನಗೂ ಜಗಳ, ತಿಳಿದೋರು ಬಿಡಿಸಿ

ದುರ್ಗದ ಹೈದ (ಭಾನುವಾರ, ರಾತ್ರಿ 9:10)

ನಮ್ಮ ಸೋದರಮಾವನಿಗೆ ಯಾರೇ ನೆಂಟರು ಬಂದ್ರೂ ಚಿತ್ರದುರ್ಗದ ಕೋಟೆ ತೋರಿಸೋದು ಅಂದ್ರೆ ಪ್ರಾಣ. ಇವತ್ತು ಬೆಂಗಳೂರಿಂದ ಬೀಗರು ಬಂದಿದ್ರು. ಓಬವ್ವನ ಕಿಂಡಿ, ಹಿಡಿಂಬೇಶ್ವರ, ಅಕ್ಕ-ತಂಗಿ ಹೊಂಡ ಎಲ್ಲಾ ಮುಗಿಸಿ ತುಪ್ಪದ ಕೊಳದ ಬತೇರಿ ಹತ್ತಿದ್ವಿ. ಮೇಲೆ ನಿಂತ್ಕೊಂಡು ಮಾವ ಸುತ್ತ ಕೈ ಆಡಿಸಿ, "ನೋಡಿ, ಸುತ್ತ ಬೆಟ್ಟ, ನಡುವೆ ತಗ್ಗು. ಇದು ಒಂದು ಕಾಲಕ್ಕೆ ಉರೀತಿದ್ದ ಜ್ವಾಲಾಮುಖಿ ಬಾಯಿ. ನಾವೀಗ ಅದರ ತುಟಿ ಮೇಲೆ ನಿಂತಿದೀವಿ" ಅಂದ್ಬಿಟ್ರು. ಬೀಗರ ಮಗ ವಿಡಿಯೋನೂ ಮಾಡ್ಕೊಂಡ.

ನಾನು "ಇದು ಗ್ರಾನೈಟ್ ಮಾವ, ಲಾವಾ ಅಲ್ಲ" ಅಂದೆ. "ಗ್ರಾನೈಟ್ ಮತ್ತೆ ಎಲ್ಲಿಂದ ಬಂತೋ? ಬೆಂಕಿಯಿಂದ ತಾನೆ?" ಅಂತ ಬೀಗರ ಮುಂದೆ ನನ್ನ ಬಾಯಿ ಮುಚ್ಚಿಸಿದ್ರು. ಮನೆಗೆ ಬಂದು ಉಪಗ್ರಹದ ಚಿತ್ರ ತೆಗೆದು ನೋಡಿದ್ರೆ ನಿಜವಾಗಲೂ ದುಂಡಗೆ ಕಾಣ್ತಾ ಐತೆ. ಈಗ ನನಗೇ ಅನುಮಾನ. ಕಲ್ಲಿನ ವಿಷಯ ಬಲ್ಲೋರು ಯಾರಾದ್ರೂ ಇದೀರಾ?


ದಾವಣಗೆರೆ ದೋಸ್ತ್

ಬೀಗರ ಮುಂದೆ ಮಾವನ ಮಾತು ತೆಗೆದುಹಾಕಿದ್ದೇ ನಿನ್ನ ತಪ್ಪು ಕಾಕಾ. ಕಲ್ಲು ಆಮೇಲೆ ನೋಡ್ಕೊಳ್ಳೋಣ.


ಬೋರ್‌ವೆಲ್ ಬಸಣ್ಣ

ನಾನು ಓದಿದೋನಲ್ಲ, ಆದ್ರೆ ಇಪ್ಪತ್ತು ವರ್ಷದಿಂದ ಈ ಜಿಲ್ಲೆ ಒಳಗೆ ಬೋರ್ ಕೊರೀತಾ ಇದೀನಿ. ನೆಲದ ಒಳಗೆ ಏನೈತೆ ಅನ್ನೋದು ನನಗೆ ಪುಡಿ ಬಣ್ಣದಾಗೆ ಗೊತ್ತಾಗ್ತದೆ. ಕೋಟೆ ಸೀಮೆ ಕಡೆ ಕೊರೆದ್ರೆ ಬಿಳಿ ಪುಡಿ, ಅಕ್ಕಿ ಹಿಟ್ಟು ಚೆಲ್ಲಿದಂಗೆ. ಬಿಟ್ ಸವೆದು ಹಾಳಾಗಿ ಹೋಗ್ತದೆ. ಅದೇ ಇಂಗಳದಾಳದ ಕಡೆ ಹೋದ್ರೆ ಹಸಿರು ಕಪ್ಪು ಪುಡಿ, ನೀರು ಬೆರೆತರೆ ಹೆಸರುಬೇಳೆ ರುಬ್ಬಿದಂಗೆ ಆಗ್ತದೆ. ಎರಡೂ ಒಂದೇ ಕಲ್ಲು ಅಂತೂ ಅಲ್ಲ.

ಎರಡರಲ್ಲಿ ಲಾವಾ ಯಾವುದು, ತಿಳಿದೋರು ಹೇಳಿ.


ಶಿಲಾಬಾಲಿಕೆ

ಬಸಣ್ಣನವರು ಅರ್ಧ ಕೆಲಸ ಮುಗಿಸಿಬಿಟ್ಟಿದ್ದಾರೆ. ನಾನು ಭೂವಿಜ್ಞಾನ ಓದಿದೋಳು, ಈಗ ದಾವಣಗೆರೆಯಲ್ಲಿ ಪಾಠ ಮಾಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಹಸಿರು ಕಪ್ಪು ಪುಡಿಯೇ ಹಳೇ ಲಾವಾ. ಇಂಗಳದಾಳದ ತಾಮ್ರ ಸಿಕ್ಕಿದ್ದು ಆ ಕಲ್ಲಿನಲ್ಲೇ. ಬೆಸಾಲ್ಟ್ ಆಗಿ ಹರಿದದ್ದು ಆಮೇಲೆ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಹಸಿರು ಖನಿಜಗಳಾಗಿ ಬದಲಾಗಿದೆ. ಕಣ್ಣಾರೆ ನೋಡಬೇಕು ಅಂದ್ರೆ ಹಿರಿಯೂರು ರಸ್ತೆಯ ಮರಡಿಹಳ್ಳಿಗೆ ಹೋಗಿ. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಲ್ಲಿದೆ, ದಿಂಬು ಲಾವಾ ಅಂತಲೇ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಮಾಡಿದೆ. ಲಾವಾ ನೀರಿನ ಅಡಿಯಲ್ಲಿ ಉಕ್ಕಿದರೆ ಮಾತ್ರ ಹೀಗೆ ದಿಂಬು ಕಟ್ಟುತ್ತೆ. ಹೊರಗಿನ ಪದರ ತಣ್ಣೀರಿಗೆ ತಾಗಿದ ಕ್ಷಣಕ್ಕೆ ಗಟ್ಟಿ, ಒಳಗಿನದು ಇನ್ನೂ ರಸ. ಒಂದು ಒಡೆದು ಇನ್ನೊಂದು, ಅದರ ಮೇಲೆ ಮತ್ತೊಂದು. ಅಂದ್ರೆ ಆಗ ಮರಡಿಹಳ್ಳಿ ಇದ್ದದ್ದು ಸಮುದ್ರದ ತಳದಲ್ಲಿ. ಈಗ ಕುಡಿಯೋ ನೀರಿಗೂ ಟ್ಯಾಂಕರ್ ಕಾಯೋ ಸೀಮೆ!

ಕೋಟೆಯ ಬಿಳಿ ಪುಡಿ ಗ್ರಾನೈಟ್. ಮಾವ ಹೇಳಿದ್ದು ಅಷ್ಟರಮಟ್ಟಿಗೆ ಸರಿ, ಅದೂ ಬೆಂಕಿಯ ಕೂಸೇ. ಆದರೆ ಅದು ಬಾಯಿಂದ ಹೊರಗೆ ಬರಲೇ ಇಲ್ಲ, ಹೊಟ್ಟೆಯಲ್ಲೇ ಉಳಿದದ್ದು. ನೆಲದಡಿ ಕೆಲವು ಕಿಲೋಮೀಟರ್ ಆಳದಲ್ಲಿ ಶಿಲಾಪಾಕ ನಿಧಾನವಾಗಿ ಆರಿತು. ಪಾಕ ಅನ್ನೋ ಹೆಸರೇ ಚೆನ್ನಾಗಿದೆ ನೋಡಿ. ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಆರೋಕೆ ಬಿಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆ. ತಟ್ಟೆಗೆ ಸುರಿದು ಫಟ್ ಅಂತ ಆರಿಸಿದರೆ ಹರಳೇ ಕಾಣದ ಗಾಜಿನಂಥ ಹಾಳೆ. ಕೋಟೆ ಬಂಡೆ ಹತ್ತಿರ ಮುಖ ಇಟ್ಟು ನೋಡಿ. ಗುಲಾಬಿ ಅಥವಾ ಬಿಳಿ ಚಪ್ಪಟೆ ಹರಳು ಫೆಲ್ಡ್‌ಸ್ಪಾರ್, ನಡುನಡುವೆ ಬೆಣಚಿನ ಬೂದು ಕಣ್ಣು, ಬಿಸಿಲಿಗೆ ಮಿನುಗೋ ಕಾಗೆ ಬಂಗಾರ. ಇವೆಲ್ಲ ಬರಿಗಣ್ಣಿಗೆ ಕಾಣ್ತಿದೆ ಅಂದ್ರೆ ಆ ಪಾಕಕ್ಕೆ ಆರೋಕೆ ಬೇಕಾದಷ್ಟು ಪುರುಸೊತ್ತಿತ್ತು. ಜ್ವಾಲಾಮುಖಿಯ ತುಟಿಯಲ್ಲಿ ಅಷ್ಟು ಪುರುಸೊತ್ತು ಸಿಗಲ್ಲ.


ಲೆಕ್ಕದ ಮೇಷ್ಟ್ರು

ಒಪ್ಪಿದೆ. ಆದರೆ ಹೊಟ್ಟೆ ಅಂತ ಒಂದಿದ್ದರೆ ಬಾಯಿ ಅಂತಲೂ ಒಂದು ಇರಬೇಕಲ್ಲ ಮೇಡಂ? ಮೇಲೆ ಜ್ವಾಲಾಮುಖಿ ಇತ್ತು, ಸವೆದು ಹೋಯಿತು, ಕೆಳಗಿನ ಗ್ರಾನೈಟ್ ಉಳಿಯಿತು ಅಂತ ಅಂದರೆ ಮಾವನ ಮಾತು ಪೂರ್ತಿ ಸುಳ್ಳೂ ಆಗಲ್ಲ.


ಶಿಲಾಬಾಲಿಕೆ

ಮೇಷ್ಟ್ರೇ, ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಹಾಗೆ ಸವೆದ ಜ್ವಾಲಾಮುಖಿಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಅದರಲ್ಲಿ ದೊಡ್ಡ ಜಾತಿಗೆ ಕ್ಯಾಲ್ಡೆರಾ ಅಂತಾರೆ.

ಇದನ್ನ ಹೇಳೋಕೆ ನನಗೆ ನಮ್ಮಜ್ಜನ ಮನೆ ಹಗೇವೇ ಬೇಕು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಜೋಳ ತುಂಬಿಡೋಕೆ ನೆಲದೊಳಗೆ ತೋಡ್ತಿದ್ದ ಕಣಜ. ಮೇಲೆ ಸಣ್ಣ ಬಾಯಿ, ಒಳಗೆ ಒಂದು ಕೋಣೆಯಷ್ಟು ಜಾಗ. ನಮ್ಮ ಹಿತ್ತಲಲ್ಲಿ ಒಂದು ಹಳೇ ಹಗೇವಿತ್ತು. ಜೋಳ ತೆಗೆದು ಎಷ್ಟೋ ವರ್ಷ ಆಗಿತ್ತು, ಒಳಗೆ ಬರೀ ಗಾಳಿ. ಒಂದು ಮಳೆಗಾಲ ಹುಲ್ಲಿನ ಗಾಡಿ ಅದರ ಮೇಲೆ ಹಾದಾಗ ಸೂರು ಇಡಿಯಾಗಿ ಕೆಳಗೆ ಕೂತಿತು. ಎತ್ತುಗಳನ್ನ ಕೊರಳ ಹಗ್ಗ ಕೊಯ್ದು ಬಿಡಿಸಿದ್ರು. ಗಾಡಿಯ ಒಂದು ಚಕ್ರ ಮಾತ್ರ ಮೇಲೆ, ಮಿಕ್ಕಿದ್ದೆಲ್ಲ ಗುಂಡಿಯಲ್ಲಿ. ನಾನು ಗಮನಿಸಿದ್ದು ಏನಂದ್ರೆ, ಹಗೇವಿನ ಬಾಯಿ ಒಂದು ಮೊಳ ಇತ್ತು, ಕುಸಿದ ಗುಂಡಿ ಒಳಗಿನ ಕೋಣೆಯಷ್ಟೇ ಅಗಲ ಆಯ್ತು. ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ದುಂಡಗೆ.

ಕ್ಯಾಲ್ಡೆರಾನೂ ಹೀಗೇ. ನೆಲದಡಿ ಕೆಲವು ಕಿಲೋಮೀಟರ್ ಆಳದಲ್ಲಿ ಶಿಲಾಪಾಕದ ದೊಡ್ಡ ಕಣಜ. ಅದು ಒಂದೇ ಸಲ ಬೂದಿ, ನೊರೆಗಲ್ಲು, ಅನಿಲವಾಗಿ ಉಕ್ಕಿ ಬರಿದಾಗುತ್ತೆ. ಸೂರಿಗೆ ಆಧಾರ ತಪ್ಪಿ ಇಡೀ ನೆಲ ವೃತ್ತಾಕಾರದ ಬಿರುಕಿನ ಉದ್ದಕ್ಕೂ ಕೆಳಗೆ ಜಾರುತ್ತೆ. ಜ್ವಾಲಾಮುಖಿಯ ಬಾಯಿ ಬೇರೆ, ಈ ಕುಸಿತ ಬೇರೆ. 1991ರ ಜೂನ್ 15ರಂದು ಫಿಲಿಪೀನ್ಸಿನ ಪಿನಟುಬೊ ಸಿಡಿದಾಗ ತುದಿಯೇ ಕುಸಿದು ಸುಮಾರು ಎರಡೂವರೆ ಕಿಲೋಮೀಟರ್ ಅಗಲದ ಬೋಗುಣಿ ಉಳಿಯಿತು. ಅದು ಸಣ್ಣದು. ಸುಮಾತ್ರಾದ ತೋಬಾ 74,000 ವರ್ಷದ ಹಿಂದೆ ಕುಸಿದದ್ದು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ. ಅದರ ಬೂದಿ ಬಂದು ಬಿದ್ದಿರೋದು ನಮ್ಮ ಪಕ್ಕದ ಆಂಧ್ರದ ಜ್ವಾಲಾಪುರಂನಲ್ಲೂ ಸಿಗುತ್ತೆ. ಊರಿನ ಹೆಸರು ನೋಡಿ, ಯಾರಿಟ್ಟರೋ!


ದಾವಣಗೆರೆ ದೋಸ್ತ್

ಎತ್ತಿಗೆ ಏನೂ ಆಗ್ಲಿಲ್ವಾ ಅಕ್ಕ?


ಶಿಲಾಬಾಲಿಕೆ

ಒಂದಕ್ಕೆ ಮುಂಗಾಲು ತರಚಿತ್ತು. ಎರಡೂ ಬದುಕಿದವು.


ಹಿರಿಯೂರು ಹವಾಲ್ದಾರ್

ನಾನು ಸೇನೆಯಲ್ಲಿದ್ದಾಗ ಜೋಧಪುರದಲ್ಲಿ ಮೂರು ವರ್ಷ ಇದ್ದೆ. ಮೆಹ್ರಾನ್‌ಗಢ ಕೋಟೆ ನೋಡಿದಾಗಲೆಲ್ಲ ನಮ್ಮ ದುರ್ಗವೇ ಕಣ್ಣ ಮುಂದೆ. ಆದ್ರೆ ಅಲ್ಲಿ ಕಲ್ಲು ಬೇರೆ ಥರ. ಕೆಂಪಗೆ ಕಂದು, ಕಂಬ ಕಂಬವಾಗಿ ಸೀಳಿರೋದು. ಹರಳು ಅಂತ ಏನೂ ದೊಡ್ಡದಾಗಿ ಕಾಣ್ತಿರಲಿಲ್ಲ. ಒಬ್ಬ ಸಾಹೇಬ್ರು ಅದು ಜ್ವಾಲಾಮುಖಿ ಕಲ್ಲು ಅಂತ ಹೇಳಿದ ನೆನಪು. ನಿಜವೇ ಮೇಡಂ?


ಶಿಲಾಬಾಲಿಕೆ

ನೂರಕ್ಕೆ ನೂರು ನಿಜ ಸರ್. 1459ರಲ್ಲಿ ರಾವ್ ಜೋಧಾ ಕಟ್ಟೋಕೆ ಶುರು ಮಾಡಿದ ಆ ಕೋಟೆ ನಿಂತಿರೋದು ಮಲಾನಿ ರಯೋಲೈಟ್ ಮೇಲೆ. ರಯೋಲೈಟ್ ಅಂದ್ರೆ ಗ್ರಾನೈಟಿನ ಅಣ್ಣತಮ್ಮನೇ. ಇಬ್ಬರ ಮೈಯಲ್ಲೂ ಇರೋದು ಅದೇ ಸರಕು, ಸಿಲಿಕಾ ನೂರಕ್ಕೆ ಎಪ್ಪತ್ತರ ಆಸುಪಾಸು. ಒಬ್ಬ ಊರು ಬಿಟ್ಟು ಹೊರಗೆ ಹೋದ, ಬೇಗ ತಣ್ಣಗಾದ, ರಯೋಲೈಟ್ ಆದ. ಇನ್ನೊಬ್ಬ ಮನೆಯಲ್ಲೇ ಉಳಿದ, ಗ್ರಾನೈಟ್ ಆದ.

ಮಲಾನಿ ಕಲ್ಲಿನ ವಯಸ್ಸು ಸುಮಾರು 75ರಿಂದ 77 ಕೋಟಿ ವರ್ಷ. ಜೋಧಪುರದಿಂದ ನೈಋತ್ಯಕ್ಕೆ ಸಿವಾನಾ ಅಂತ ಊರಿದೆ. 1308ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗೆ ಹಾಕಿದ್ದ ಕೋಟೆ ಇರೋದು ಅಲ್ಲೇ. ಅಲ್ಲಿ ರಯೋಲೈಟ್ ಮತ್ತು ಗ್ರಾನೈಟ್ ಬೆಟ್ಟಗಳು ಸೇರಿ ಉಂಗುರ ಬಿದ್ದ ಹಾಗಿವೆ, 25-30 ಕಿಲೋಮೀಟರ್ ಅಗಲ. ಸವೆದುಹೋದ ಕ್ಯಾಲ್ಡೆರಾಗೆ ಭೂವಿಜ್ಞಾನ ಓದುವವರು ಕೊಡೋ ಉದಾಹರಣೆ ಅದು. ಈಗ ಅಪರೂಪದ ಲೋಹಗಳಿಗಾಗಿ ಅಲ್ಲಿ ಹುಡುಕಾಟ ಬೇರೆ ನಡೀತಿದೆ.

ಅಂದ್ರೆ ಜ್ವಾಲಾಮುಖಿ ಮೇಲಿನ ಕೋಟೆ ಬೇಕಿದ್ರೆ ಮಾವನಿಗೆ ರಾಜಸ್ಥಾನಕ್ಕೆ ಟಿಕೆಟ್ ತೆಗಿಸಿಕೊಡಿ.


ಕ್ವಾರಿ ಕಿಟ್ಟಿ

ಮರೆಯೋಕೆ ಮುಂಚೆ ಒಂದು ಮಾತು. ನಮ್ಮ ವ್ಯಾಪಾರದಲ್ಲಿ ಪಾಲಿಶ್ ಆಗೋದೆಲ್ಲ ಗ್ರಾನೈಟೇ. ಅಡುಗೆಮನೆ ಕಟ್ಟೆಗೆ ಹಾಕೋ ಕಪ್ಪು ಗ್ರಾನೈಟ್ ಇದೆಯಲ್ಲ, ಮೇಡಂ ಲೆಕ್ಕದಲ್ಲಿ ಅದು ಗ್ರಾನೈಟೇ ಅಲ್ಲ. ಹಳೇ ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಡೈಕ್ ಕಲ್ಲು, ಡೊಲೆರೈಟ್ ಅಂತಾರೆ. ಗಿರಾಕಿಗೆ ಇದನ್ನ ಹೇಳೋಕೆ ಹೋದ್ರೆ ಬೇರೆ ಅಂಗಡಿಗೆ ಹೋಗ್ತಾನೆ, ಅದಕ್ಕೆ ಸುಮ್ಮನಿದೀವಿ.


ಲೆಕ್ಕದ ಮೇಷ್ಟ್ರು

ಸಿವಾನಾದಲ್ಲಿ ದುಂಡಗಿದೆ, ಅದು ಕ್ಯಾಲ್ಡೆರಾ. ದುರ್ಗದಲ್ಲೂ ದುಂಡಗಿದೆ, ಇದು ಅಲ್ಲ. ಇದು ಯಾವ ನ್ಯಾಯ?


ಬೋರ್‌ವೆಲ್ ಬಸಣ್ಣ

ದುಂಡಗಿರೋದೆಲ್ಲ ಮುದ್ದೆ ಆಗ್ತದಾ ಮೇಷ್ಟ್ರೆ.


ಶಿಲಾಬಾಲಿಕೆ

ಬಸಣ್ಣ, ನಿಮ್ಮ ಮಾತನ್ನ ನಾಳೆ ತರಗತಿಯಲ್ಲಿ ಕದೀತೀನಿ.

ಮೇಷ್ಟ್ರೇ, ದುಂಡು ಅನ್ನೋದು ಅತಿ ಬಡ ಸಾಕ್ಷಿ. ಮಹಾರಾಷ್ಟ್ರದ ಲೋಣಾರ್ ಎಷ್ಟು ಚಂದ ದುಂಡಗಿದೆ, 1.8 ಕಿಲೋಮೀಟರ್ ಅಗಲ, ಸುತ್ತ ಇರೋದೂ ಬೆಸಾಲ್ಟೇ. ಆದರೂ ಅದು ಜ್ವಾಲಾಮುಖಿ ಅಲ್ಲ, ಉಲ್ಕೆ ಬಿದ್ದ ಗುಂಡಿ. ನಮ್ಮ ಹೊನ್ನಾಳಿ ಕಡೆ ನಕ್ಷೆ ತೆಗೆದರೆ ನಡುವೆ ಹಳೇ ನೈಸ್ ಶಿಲೆ (ಪಟ್ಟೆ ಪಟ್ಟೆ ಇರೋ ಕಲ್ಲು), ಅದರ ಸುತ್ತ ಶಿಸ್ಟ್ (ಹಾಳೆ ಹಾಳೆಯಾಗಿ ಸೀಳೋ ಕಲ್ಲು) ಪದರ. ಅಲ್ಲಿ ಪದರಗಳು ಮಡಚಿಕೊಂಡು ಉಬ್ಬಿದ್ದಕ್ಕೆ ದುಂಡು. ಕೋಟೆಯ ದುಂಡು ಇನ್ನೊಂದು ಬಗೆ: ಗ್ರಾನೈಟಿನಲ್ಲಿ ಬಿರುಕುಗಳು ಅಡ್ಡಉದ್ದ ಇರ್ತವೆ, ಮಳೆನೀರು ಬಿರುಕು ಹಿಡಿದು ಕೊಳೆಸುತ್ತಾ ಹೋಗುತ್ತೆ, ಮೂಲೆಗಳು ಮೊದಲು ಕರಗ್ತವೆ, ಗುಂಡುಗಳು ಉಳೀತವೆ. ಹೊಂಡಗಳು ಇರೋದೂ ಬಿರುಕು ಜಾಸ್ತಿ ಇದ್ದ ತಗ್ಗಿನಲ್ಲೇ. ಪಾಳೇಗಾರರು ತಗ್ಗಿಗೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ರು. ಆ ಬುದ್ಧಿವಂತಿಕೆಗೆ ಜ್ವಾಲಾಮುಖಿಯ ಹಂಗೇ ಬೇಕಿಲ್ಲ.

ಸವೆದ ಕ್ಯಾಲ್ಡೆರಾ ಹುಡುಕುವಾಗ ನಾವು ಆಕಾರ ಕೊನೆಗೆ ನೋಡ್ತೀವಿ. ಮೊದಲು ಕೇಳೋದು: ಕುಸಿದ ತಗ್ಗಿನೊಳಗೆ ದಪ್ಪನೆ ಬೂದಿ ಕಲ್ಲು ಇದೆಯಾ? ಬಿಸಿ ಬೂದಿ ರಾಶಿ ಬಿದ್ದಾಗ ಅದರ ತೂಕಕ್ಕೆ ಒಳಗಿನ ನೊರೆಗಲ್ಲು ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆ ಆಗಿರುತ್ತೆ. ಅದು ಕಂಡ್ರೆ ಎದೆ ಹೊಡ್ಕೊಳ್ಳುತ್ತೆ ನನಗೆ. ಆಮೇಲೆ, ಸೂರು ಜಾರಿದ ಬಿರುಕಿನೊಳಗೆ ಶಿಲಾಪಾಕ ಮೇಲೆದ್ದು ಬಳೆಯಂಥ ಡೈಕ್ ಆಗಿದೆಯಾ? ನಡುವಿನ ಗ್ರಾನೈಟಿಗೂ ಮೇಲಿನ ರಯೋಲೈಟಿಗೂ ವಯಸ್ಸು ಒಂದೇನಾ?

ಸ್ಕಾಟ್ಲೆಂಡಿನ ಗ್ಲೆನ್ ಕೋದಲ್ಲಿ ಇವೆಲ್ಲ ಸಿಕ್ಕಿದ್ದಕ್ಕೆ 1909ರಲ್ಲಿ ಕ್ಲಫ್, ಮೌಫ್, ಬೈಲಿ ಅನ್ನೋ ಮೂವರು ಅದನ್ನ ವಿವರಿಸಿದ್ರು. ಸವೆದ ಕ್ಯಾಲ್ಡೆರಾದ ಒಳಗುಟ್ಟು ಮೊದಲು ಬಿಚ್ಚಿಕೊಂಡದ್ದು ಅಲ್ಲೇ. ವಯಸ್ಸು ಸುಮಾರು 42 ಕೋಟಿ ವರ್ಷ. ನನಗೆ ಅಲ್ಲಿನ ಒಂದು ಸಂಗತಿ ಬಹಳ ಇಷ್ಟ. ಅಲ್ಲಿ ಈಗ ತಗ್ಗೇ ಇಲ್ಲ! ನೂರಾರು ಮೀಟರ್ ಕೆಳಗೆ ಬಿದ್ದ ಲಾವಾ ಬೂದಿ ಪದರಗಳೇ ಈಗ ಸಾವಿರ ಮೀಟರ್ ದಾಟಿದ ಬೆಟ್ಟ. ಕೆಳಗೆ ಬಿದ್ದದ್ದಕ್ಕೇ ಅವು ಸವೆತದಿಂದ ತಪ್ಪಿಸಿಕೊಂಡವು, ಆಚೆ ಮೇಲೆ ಉಳಿದಿದ್ದ ಪದರ ಎಂದೋ ಕೊಚ್ಚಿಹೋಯಿತು. ಹಾಗಾಗಿ ಹಳೇ ಕ್ಯಾಲ್ಡೆರಾ ಹುಡುಕುವಾಗ ತಗ್ಗು ಹುಡುಕೋದೇ ದಾರಿ ತಪ್ಪಿದ ಹಾಗೆ.


ದುರ್ಗದ ಹೈದ

ಹಾಗಾದ್ರೆ ತಗ್ಗು ತೋರಿಸಿ ಜ್ವಾಲಾಮುಖಿ ಅನ್ನೋದೇ ಉಲ್ಟಾ ಆಯ್ತು. ಮಾವನಿಗೆ ಈ ಕೊಂಡಿ ಕಳಿಸಿದೀನಿ, ಓದಿದಾರೆ, ಉತ್ತರ ಇಲ್ಲ.

ಇನ್ನೊಂದು ಪ್ರಶ್ನೆ ಅಕ್ಕ. ಕೋಟೆ ಗ್ರಾನೈಟ್ ವಯಸ್ಸೆಷ್ಟು? ಅದಕ್ಕೆ ಜೊತೆಯಾದ ರಯೋಲೈಟ್ ಎಲ್ಲಾದ್ರೂ ಐತಾ?


ಶಿಲಾಬಾಲಿಕೆ

ಇದನ್ನೇ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಾ ಇದ್ದೆ.

ಚಿತ್ರದುರ್ಗ ಗ್ರಾನೈಟಿನ ವಯಸ್ಸು ಸುಮಾರು 261 ಕೋಟಿ ವರ್ಷ. ಈಗ ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆ ಕಡೆ ಬನ್ನಿ. ದಾವಣಗೆರೆ ಜಿಲ್ಲೆಯವರೇ ಎಷ್ಟೋ ಜನ ಆ ಊರಿನ ಹೆಸರು ಕೇಳಿರಲ್ಲ, ಆದರೆ ಭೂವಿಜ್ಞಾನದ ನಕ್ಷೆಯಲ್ಲಿ ಒಂದು ಶಿಲಾಸಮೂಹಕ್ಕೇ ಅದರ ಹೆಸರಿದೆ. ಅಲ್ಲಿನ ಶಿಸ್ಟ್ ಪಟ್ಟಿಯೊಳಗೆ ರಯೋಲೈಟ್ ಜಾತಿಯ ಜ್ವಾಲಾಮುಖಿ ಕಲ್ಲಿದೆ. ಅದರ ಜಿರ್ಕಾನ್ ಹರಳಿನಿಂದ ಸಿಕ್ಕಿದ ವಯಸ್ಸು 260ರಿಂದ 261 ಕೋಟಿ ವರ್ಷ.

ಅಂದ್ರೆ ದುರ್ಗದ ಅಡಿಯಲ್ಲಿ ಪಾಕ ಆರುತ್ತಿದ್ದ ಕಾಲದಲ್ಲೇ ಚನ್ನಗಿರಿ ಕಡೆ ಅದೇ ಜಾತಿಯ ಪಾಕ ಹೊರಗೆ ಉಕ್ಕುತ್ತಿತ್ತು.


ದಾವಣಗೆರೆ ದೋಸ್ತ್

ಅಂದ್ರೆ ಜ್ವಾಲಾಮುಖಿ ನಮ್ಮ ಜಿಲ್ಲೇದು! ದುರ್ಗದವ್ರಿಗೆ ಬರೀ ತಳ ಸಿಕ್ತು. ಬೆಣ್ಣೆ ದೋಸೆನೂ ನಮ್ದೇ, ಬೆಂಕೀನೂ ನಮ್ದೇ.


ಶಿಲಾಬಾಲಿಕೆ

ಸ್ವಲ್ಪ ತಡಿಯಪ್ಪಾ ದೋಸ್ತ್. ಒಂದೇ ಕಾಲ ಅಂದ ಮಾತ್ರಕ್ಕೆ ಒಂದೇ ಕಣಜ ಅಂತಲ್ಲ. ಇವೆರಡೂ ಬೇರೆ ಬೇರೆ ಶಿಸ್ಟ್ ಪಟ್ಟಿಗೆ ಸೇರಿದವು, ನಡುವೆ ಹತ್ತಾರು ಕಿಲೋಮೀಟರ್ ಅಂತರ. ಒಂದೇ ವರ್ಷ ಹುಟ್ಟಿದ ಇಬ್ಬರನ್ನ ಅಣ್ಣತಮ್ಮ ಅನ್ನೋಕಾಗುತ್ತಾ? ಆ ಕಾಲದಲ್ಲಿ ಇಡೀ ಸೀಮೆಯ ನೆಲದೊಳಗೆ ಕಾವು ಏರಿತ್ತು, ಹಳೇ ನೆಲವೇ ಕರಗಿ ಗ್ರಾನೈಟ್ ಪಾಕ ಆಗ್ತಿತ್ತು, ಅಷ್ಟು ಧೈರ್ಯವಾಗಿ ಹೇಳಬಹುದು. ಅದಾದ ಒಂಬತ್ತು ಕೋಟಿ ವರ್ಷಕ್ಕೆ, ಅಂದ್ರೆ ಸುಮಾರು 252 ಕೋಟಿ ವರ್ಷದ ಹಿಂದೆ, ಕ್ಲೋಸ್‌ಪೇಟ್ ಗ್ರಾನೈಟ್ ಬಂತು. ರಾಮನಗರದ ಬಂಡೆ, ಹಂಪಿಯ ಗುಂಡು ಎಲ್ಲ ಅದೇ. ಅದರ ದಕ್ಷಿಣದ ತುದಿಯಲ್ಲಿ ನಾವು ನೋಡೋದು ಆಳದ ಬೇರು, ಉತ್ತರಕ್ಕೆ ಹೋದ ಹಾಗೆ ಮೇಲಿನ ಭಾಗ.

ಇಲ್ಲಿ ಕ್ಯಾಲ್ಡೆರಾದ ಬಳೆ ಹುಡುಕೋದು ಯಾಕೆ ಕಷ್ಟ ಅಂದ್ರೆ, ನಮ್ಮ ಕಲ್ಲುಗಳು ಸುಮ್ಮನೆ ಸವೆದವಲ್ಲ. ಮಡಚಿ, ಹಿಂಡಿ, ಪಕ್ಕಕ್ಕೆ ಎಳೆಯಲ್ಪಟ್ಟವು. ದುಂಡಗೆ ತಟ್ಟಿದ ರೊಟ್ಟಿಯನ್ನ ಮಡಚಿ ಹಿಸುಕಿ ಎಳೆದರೆ ಅಂಚು ಎಲ್ಲಿ ಅಂತ ಹುಡುಕ್ತೀರಿ? ಮರಡಿಹಳ್ಳಿಯ ದಿಂಬು ಉಳಿದದ್ದೇ ದೊಡ್ಡದು.


ಲೆಕ್ಕದ ಮೇಷ್ಟ್ರು

261 ಕೋಟಿ ಅಂತ ಇಷ್ಟು ನಿಖರವಾಗಿ ಹೇಳ್ತೀರಲ್ಲ, ಜಾತಕ ಬರೆದೋರು ಯಾರು? ಕೀಟಲೆಗೆ ಕೇಳ್ತಿಲ್ಲ. ಲೆಕ್ಕ ತಿಳೀಬೇಕು.


ಶಿಲಾಬಾಲಿಕೆ

ಜಾತಕ ಬರೆದಿರೋದು ಜಿರ್ಕಾನ್. ಗ್ರಾನೈಟಿನೊಳಗೆ ಇರೋ ಸಣ್ಣ ಹರಳು, ಸಕ್ಕರೆ ಕಾಳಿಗಿಂತ ಎಷ್ಟೋ ಚಿಕ್ಕದು. ಅದು ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತೆ, ಸೀಸವನ್ನ ಬಾಗಿಲಲ್ಲೇ ತಡೆಯುತ್ತೆ. ಹಾಗಾಗಿ ಇವತ್ತು ಒಳಗೆ ಸಿಗೋ ಸೀಸ ಹೆಚ್ಚುಕಡಿಮೆ ಪೂರ್ತಿ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧ ಆಗೋಕೆ 447 ಕೋಟಿ ವರ್ಷ, ಯುರೇನಿಯಂ-235ಕ್ಕೆ 70 ಕೋಟಿ ಚಿಲ್ಲರೆ. ಒಂದೇ ಹರಳಿನೊಳಗೆ ಎರಡು ಗಡಿಯಾರ. ಎರಡೂ ಒಂದೇ ಸಮಯ ತೋರಿಸಿದರೆ ನಂಬ್ತೀವಿ, ಬೇರೆ ಬೇರೆ ತೋರಿಸಿದರೆ ಮಧ್ಯೆ ಹರಳಿಗೆ ಏನೋ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ನಿಮ್ಮ ಪಿಯುಸಿ ಮಕ್ಕಳಿಗೆ ಲಾಗರಿದಂ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.


ಲೆಕ್ಕದ ಮೇಷ್ಟ್ರು

ಎರಡು ಗಡಿಯಾರದ ಮಾತು ಚೆನ್ನಾಗಿದೆ. ಒಪ್ಪಿದೆ.


ಕ್ವಾರಿ ಕಿಟ್ಟಿ

ಉತ್ಸಾಹದಲ್ಲಿ ಯಾರೂ ಸುತ್ತಿಗೆ ಹಿಡ್ಕೊಂಡು ಕೋಟೆಗೂ ಮರಡಿಹಳ್ಳಿಗೂ ಹೋಗಬೇಡಿ. ಎರಡೂ ಸಂರಕ್ಷಿತ ಜಾಗ. ಗ್ರಾನೈಟ್ ಚೂರು ಬೇಕಿದ್ರೆ ನಮ್ಮ ಕ್ರಷರ್ ಹತ್ರ ಬನ್ನಿ, ಜಲ್ಲಿ ರಾಶಿಯಿಂದ ಬೇಕಾದಷ್ಟು ಆರಿಸ್ಕೊಳ್ಳಿ.


ದುರ್ಗದ ಹೈದ (ಮುಂದಿನ ಭಾನುವಾರ, ಸಂಜೆ 7:25)

ಇವತ್ತು ಬೆಳಿಗ್ಗೆ ಮಾವನೇ ಫೋನ್ ಮಾಡಿ "ಬಾರೋ, ಕೋಟೆಗೆ ಹೋಗಾಣ" ಅಂದ್ರು. ಬರುವಾಗ ವಾಚ್ ರಿಪೇರಿ ಅಂಗಡಿಯ ಗೆಳೆಯನಿಂದ ಕಣ್ಣಿಗಿಟ್ಟು ನೋಡೋ ಭೂತಗನ್ನಡಿ ಇಸ್ಕೊಂಡಿದ್ರು. ಗೋಡೆ ಪಕ್ಕ ಒಂದು ಬಂಡೆ, ಹಿಂದಿನ ಕಾಲದವ್ರು ಸೀಳೋಕೆ ಸಾಲಾಗಿ ಚೌಕ ಗುಳಿ ಹೊಡೆದಿದ್ದು, ಅರ್ಧಕ್ಕೇ ಬಿಟ್ಟಿದ್ದು. ಗುಳಿಯ ಒಳಗೆ ಮಳೆ ಬಿಸಿಲು ತಾಗದೆ ಕಲ್ಲು ಸ್ವಲ್ಪ ಹೊಸದಾಗೇ ಐತೆ. ಮಾವ ಅಲ್ಲಿ ಮಂಡಿ ಊರಿ ಕೂತು ಗನ್ನಡಿ ಇಟ್ಟು ಹತ್ತು ನಿಮಿಷ ನೋಡಿದ್ರು. ಗುಲಾಬಿ ಹರಳು, ಬೂದು ಬೆಣಚು, ಕಾಗೆ ಬಂಗಾರ, ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಎಣಿಸಿದ್ರು. ಹೋಗೋ ಬರೋ ಜನ ಏನೋ ಕಳ್ಕೊಂಡಿದಾರೆ ಅಂತ ನಿಂತು ನೋಡೋರು.

ಆಮೇಲೆ ಎದ್ದು ಮಂಡಿ ಧೂಳು ಕೊಡವಿ ಕೇಳಿದ್ರು: "ಇದರ ಮೇಲೆ ಎಷ್ಟು ಕಿಲೋಮೀಟರ್ ಕಲ್ಲು ಸವೆದುಹೋಗೈತೆ ಅಂತ ಆ ಯಮ್ಮ ಬರೆದಿದ್ದು?"

ಕೆಲವು ಕಿಲೋಮೀಟರ್ ಅಂದೆ. ಮಾವ ಒಂದ್ಸಲ ಮೇಲಕ್ಕೆ ಆಕಾಶ ನೋಡಿದ್ರು, ಏನೂ ಅನ್ನಲಿಲ್ಲ.

ಇಳಿದು ಬರುವಾಗ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ದಾರಿ ಕೇಳ್ತು. ಮಾವ ಅವರನ್ನ ನಿಲ್ಲಿಸಿ ಶುರು ಮಾಡಿದ್ರು, "ನೋಡಿ, ನಾವೀಗ ಜ್ವಾಲಾಮುಖಿ ಬಾಯಲ್ಲಿಲ್ಲ, ಹೊಟ್ಟೇಲಿದೀವಿ..."


ಶಿಲಾಬಾಲಿಕೆ

ಅಯ್ಯೋ. ಯಾವ ಜ್ವಾಲಾಮುಖಿಯ ಹೊಟ್ಟೆ ಅಂತ ಅವರು ಕೇಳಿಬಿಟ್ರೆ?


ದುರ್ಗದ ಹೈದ

ಕೇಳಿದ್ರು ಅಕ್ಕ. "ಅದನ್ನ ದಾಗಿನಕಟ್ಟೆಗೆ ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ" ಅಂದ್ರು. ಮುಂದಿನ ವಾರಕ್ಕೆ ನನ್ನ ಬೈಕಿಗೆ ಪೆಟ್ರೋಲ್ ಹಾಕಿಸು ಅಂತ ಐನೂರು ರೂಪಾಯಿನೂ ಕೊಟ್ಟಿದಾರೆ.